‘ಯಾಕೆ’ ಅಂತ ಕೇಳಬೇಡಿ, ಕಡತ ಕೇಳಿ

ಪಿಂಚಣಿ, ಗೃಹಲಕ್ಷ್ಮಿ, ಸಹಾಯಧನ. ಯೋಜನೆಯ ಹೆಸರು ಬೇರೆ ಬೇರೆ, ಆದರೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಗೋಳು ಒಂದೇ. ಅರ್ಜಿ ತಿರಸ್ಕಾರವಾಗಿದೆ, ಕಾರಣ ಯಾರೂ ಹೇಳುತ್ತಿಲ್ಲ, ಮಾಹಿತಿ ಹಕ್ಕಿನಲ್ಲಿ ಕೇಳಿದರೂ ನೆಟ್ಟಗೆ ಉತ್ತರ ಬರುತ್ತಿಲ್ಲ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕಾಯಿತು.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೆವು. ‘ಅರ್ಹರಲ್ಲದ ಕಾರಣ ತಿರಸ್ಕರಿಸಿದೆ’ ಅಂತ ಒಂದೇ ಸಾಲಿನ ಹಿಂಬರಹ ಬಂತು. ‘ಯಾಕೆ ಅರ್ಹರಲ್ಲ’ ಅಂತ ನಾನು ಆರ್‌ಟಿಐ ಅರ್ಜಿ ಹಾಕಿದೆ. ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದರು. ನಾನು ಪುಣೆಯಲ್ಲಿದ್ದೇನೆ. ಮುಂದೇನು ಮಾಡಲಿ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಕೇಳಿದ ರೀತಿ ಅವರಿಗೆ ಅನುಕೂಲವಾಯಿತು.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ‘ಮಾಹಿತಿ’ ಅಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಕಾಗದ, ಟಿಪ್ಪಣಿ, ಆದೇಶ, ಕಂಪ್ಯೂಟರಿನಲ್ಲಿರುವ ವಿವರ, ಇಂಥವು. ಅಧಿಕಾರಿ ಹೊಸದಾಗಿ ಕೂತು ಯೋಚಿಸಿ ನಿಮಗೆ ವಿವರಣೆ ಬರೆದುಕೊಡಬೇಕಿಲ್ಲ. ಸುಪ್ರೀಂ ಕೋರ್ಟ್ 2010 ಮತ್ತು 2011ರ ತೀರ್ಪುಗಳಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ‘ಯಾಕೆ’, ‘ಇದು ಸರಿಯೇ’ ಎಂಬ ಪ್ರಶ್ನೆ ಕಂಡ ಕೂಡಲೇ ಮಾಹಿತಿ ಅಧಿಕಾರಿಗೆ ಬಾಗಿಲು ಹಾಕಲು ಒಂದು ನೆಪ ಸಿಗುತ್ತದೆ. ಅದೇ 2011ರ ತೀರ್ಪು ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತಲೂ ಹೇಳಿತು. ನಿಮ್ಮ ತಾಯಿಯ ಅರ್ಜಿಯ ಕಡತವನ್ನೂ ಹಾಗೇ ಅಂದುಕೊಳ್ಳಿ. ಅಂಕ ಯಾಕೆ ಕಡಿಮೆ ಅಂತ ಜಗಳ ಬೇಡ. ಉತ್ತರ ಪತ್ರಿಕೆ ತೋರಿಸಿ ಅನ್ನಿ, ಸಾಕು.

ಅರ್ಜಿ ನಾಡಕಚೇರಿಯ ಕೌಂಟರ್ ದಾಟಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ. ನಿಮ್ಮ ಕಡೆ ಈಗಲೂ ತಲಾಟಿ ಅಂತಲೇ ಕರೆಯುತ್ತಾರೆ, ಅಲ್ವಾ? ಅವರು ವಿಚಾರಣೆ ಮಾಡಿ ವರದಿ ಕೊಡಬೇಕು. ಅದರ ಮೇಲೆ ರಾಜಸ್ವ ನಿರೀಕ್ಷಕರು ಶಿಫಾರಸು ಬರೆಯುತ್ತಾರೆ. ಕೊನೆಗೆ ತಹಶೀಲ್ದಾರರ ಮಟ್ಟದಲ್ಲಿ ಮಂಜೂರು ಅಥವಾ ತಿರಸ್ಕಾರ. ನಿಮಗೆ ಬಂದದ್ದು ಕೊನೆಯ ಸಾಲು ಮಾತ್ರ. ಕಾರಣ ಅದಕ್ಕೂ ಹಿಂದಿನ ಹಾಳೆಗಳಲ್ಲಿ ಎಲ್ಲೋ ಕೂತಿದೆ.

ಹೊಸ ಅರ್ಜಿ ಹೀಗೆ ಬರೆಯಿರಿ:

‘ನನ್ನ ಸಂಧ್ಯಾ ಸುರಕ್ಷಾ ಅರ್ಜಿ ಸಂಖ್ಯೆ ____, ದಿನಾಂಕ ____. ಇದಕ್ಕೆ ಸಂಬಂಧಿಸಿದ ಕಡತದ ಎಲ್ಲ ಪುಟಗಳು, ಟಿಪ್ಪಣಿ ಹಾಳೆ ಸೇರಿ, ದೃಢೀಕೃತ ಪ್ರತಿ ಕೊಡಿ. ಗ್ರಾಮ ಆಡಳಿತ ಅಧಿಕಾರಿಯ ವರದಿ ಮತ್ತು ಮಹಜರು ಇದ್ದರೆ ಅದರ ಪ್ರತಿ ಕೊಡಿ. ರಾಜಸ್ವ ನಿರೀಕ್ಷಕರ ಶಿಫಾರಸಿನ ಪ್ರತಿ ಕೊಡಿ. ತಿರಸ್ಕಾರ ಆದೇಶದ ಪ್ರತಿ ಮತ್ತು ಅದಕ್ಕೆ ಆಧಾರ ಮಾಡಿಕೊಂಡ ಸರ್ಕಾರಿ ಆದೇಶ ಅಥವಾ ಸುತ್ತೋಲೆಯ ಪ್ರತಿ ಕೊಡಿ. ಅರ್ಜಿ ಯಾವ ದಿನ ಯಾವ ಅಧಿಕಾರಿಯ ಬಳಿ ಇತ್ತು ಎಂಬ ದಾಖಲೆಯ ಪ್ರತಿ ಕೊಡಿ. ಮೂಲ ಕಡತ ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸಿ.’

ಇಷ್ಟೇ. ಎಲ್ಲೂ ‘ಯಾಕೆ’ ಇಲ್ಲ ನೋಡಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೇಲಿನದು ಅದರೊಳಗೇ ಇದೆ. ತಲಾಟಿ ಸರಿಯಿಲ್ಲ, ದುಡ್ಡು ಕೇಳಿದ ಅಂತೆಲ್ಲ ಇದರಲ್ಲಿ ತುರುಕಬೇಡಿ. ಆ ದೂರಿಗೆ ಬೇರೆ ಜಾಗ ಇದೆ. ಮಾಹಿತಿ ಯಾಕೆ ಬೇಕು ಅಂತ ಹೇಳುವ ಅಗತ್ಯವೂ ಇಲ್ಲ, ಕಲಂ 6(2) ನೋಡಿ. ಜತೆಗೆ ಕಲಂ 4(1)(ಡಿ) ಪ್ರಕಾರ, ಆಡಳಿತಾತ್ಮಕ ತೀರ್ಮಾನದಿಂದ ತೊಂದರೆಗೆ ಒಳಗಾದವರಿಗೆ ಅದರ ಕಾರಣ ತಿಳಿಸುವುದು ಕಚೇರಿಯ ಕರ್ತವ್ಯ. ಈ ಕಲಂ ಅನ್ನು ಮುಂದೆ ಮೇಲ್ಮನವಿ ಹಾಕಬೇಕಾಗಿ ಬಂದರೆ ಬಳಸಿ.

ಕಡತ ನೋಡಲು ಅವಕಾಶ ಸಿಕ್ಕರೆ ಖಂಡಿತ ಹೋಗಿ. ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿಯ ಜತೆ ಒಂದು ತಾಲೂಕು ಕಚೇರಿಯಲ್ಲಿ ಹೀಗೇ ಕೂತಿದ್ದೆ. ಕಡತದಲ್ಲಿ ಇದ್ದದ್ದು ಹನ್ನೊಂದು ಹಾಳೆ. ಗ್ರಾಮದ ವರದಿಯಲ್ಲಿ ‘ವಿಚಾರಿಸಲಾಗಿ, ಮಗ ಸರ್ಕಾರಿ ನೌಕರ’ ಅಂತ ಒಂದು ಷರಾ. ಅದರ ಕೆಳಗೆ ‘ವರದಿ ಒಪ್ಪಿದೆ’. ಅದರ ಕೆಳಗೆ ‘ತಿರಸ್ಕರಿಸಿದೆ’. ಮೂರು ಸಹಿ, ಒಂದೇ ತಪ್ಪು. ಅಜ್ಜಿಯ ಮಗ ಸರ್ಕಾರಿ ಜೀಪನ್ನೇ ಓಡಿಸುತ್ತಿದ್ದ, ಅದು ನಿಜ. ಆದರೆ ಗುತ್ತಿಗೆಯವನ ಕೈಕೆಳಗೆ, ದಿನಗೂಲಿಗೆ. ಊರಿನಲ್ಲಿ ಯಾರನ್ನೋ ಕೇಳಿದ್ದಾರೆ, ‘ಗವರ್ನಮೆಂಟ್ ಗಾಡಿ ಓಡಿಸ್ತಾನೆ’ ಅಂದಿದ್ದಾರೆ, ಮುಗಿಯಿತು. ಆ ಹಾಳೆಯ ಪ್ರತಿ ಮತ್ತು ಗುತ್ತಿಗೆದಾರ ಕೊಟ್ಟ ಸಂಬಳದ ಚೀಟಿ, ಎರಡನ್ನೂ ಇಟ್ಟು ಮೇಲ್ಮನವಿ ಬರೆದೆವು. ಅಜ್ಜಿ ಅಷ್ಟು ದಿನ ತನ್ನ ವಯಸ್ಸಿನ ದಾಖಲೆಯೇ ಸರಿಯಿಲ್ಲ ಅಂದುಕೊಂಡು ಆಧಾರ್ ಕೇಂದ್ರಕ್ಕೆ ಅಲೆದಿದ್ದರು. ಸುಮ್ನೆ.

ಆರ್‌ಟಿಐ ಪಿಂಚಣಿ ಕೊಡಿಸುವುದಿಲ್ಲ. ಮಾಹಿತಿ ಆಯೋಗಕ್ಕೂ ಪಿಂಚಣಿ ಮಂಜೂರು ಮಾಡುವ ಅಧಿಕಾರವಿಲ್ಲ. ಅದು ಕೊಡಿಸುವುದು ಕಾಗದ. ಆ ಕಾಗದ ಹಿಡಿದು ತಿರಸ್ಕಾರದ ಮೇಲೆ ಬೇರೆ ಮೇಲ್ಮನವಿ ಹಾಕಬೇಕು. ನೀವು ಎಡವಬಹುದಾದ ಜಾಗ ಇದೇ. ಅರ್ಜಿ ಸಕಾಲದಡಿ, ಅಂದರೆ ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನದೊಳಗೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆಯಡಿ, ಸ್ವೀಕಾರವಾಗಿದ್ದರೆ ನಿಮ್ಮ ಬಳಿ ಸ್ವೀಕೃತಿ ಚೀಟಿಯಲ್ಲಿ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಸಕಾಲ ಕಾಯ್ದೆಯಲ್ಲಿ ತಿರಸ್ಕರಿಸುವಾಗ ಕಾರಣ ಬರೆಯಲೇಬೇಕು, ತಿರಸ್ಕಾರವಾದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಹಶೀಲ್ದಾರರ ತೀರ್ಮಾನದ ಮೇಲಾದರೆ ಉಪವಿಭಾಗಾಧಿಕಾರಿಗೆ. ಇತ್ತ ಆರ್‌ಟಿಐ ಉತ್ತರಕ್ಕೂ 30 ದಿನ. ಉತ್ತರ ಬರಲಿ ಅಂತ ಕಾದರೆ ಮೇಲ್ಮನವಿಯ ಗಡುವು ಮುಗಿದಿರುತ್ತದೆ! ಹಾಗಾಗಿ ಎರಡನ್ನೂ ಒಟ್ಟಿಗೇ ಹಾಕಿ. ಮೇಲ್ಮನವಿಯಲ್ಲಿ ‘ಕಾರಣ ತಿಳಿಸಿಲ್ಲ, ಕಡತದ ಪ್ರತಿ ಕೇಳಿದ್ದೇನೆ, ಬಂದ ಮೇಲೆ ಹೆಚ್ಚುವರಿ ಹೇಳಿಕೆ ಸಲ್ಲಿಸುತ್ತೇನೆ’ ಅಂತ ಒಂದು ಸಾಲು ಸೇರಿಸಿ. ಗಡುವು ಈಗಾಗಲೇ ದಾಟಿದ್ದರೂ ಬಿಡಬೇಡಿ. ತಡವಾದ ಕಾರಣ ಬರೆದು ಮನ್ನಿಸುವಂತೆ ಕೇಳಿ.

ಪುಣೆಯಿಂದಲೇ ಇದೆಲ್ಲ ಆಗುತ್ತದೆ. ಕರ್ನಾಟಕ ಸರ್ಕಾರದ ಆನ್‌ಲೈನ್ ಆರ್‌ಟಿಐ ಜಾಲತಾಣವಿದೆ. ನನಗಂತೂ ತಾಲೂಕು ಕಚೇರಿಗೆ ಕಾಗದವೇ ವಾಸಿ. ಕನ್ನಡದಲ್ಲೇ ಬರೆಯಿರಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಪ್ರತಿಗೆ ಎ4 ಪುಟಕ್ಕೆ 2 ರೂಪಾಯಿ. ತಾಯಿಯ ಬಳಿ ಬಿಪಿಎಲ್ ಕಾರ್ಡ್ ಇದ್ದರೆ ಅದರ ನಕಲು ಇಡಿ, ಶುಲ್ಕ ಬೇಡ. ಮುಖ್ಯವಾಗಿ, ಅರ್ಜಿ ತಾಯಿಯ ಹೆಸರಲ್ಲಿ, ತಾಯಿಯ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ಹೋಗಲಿ. ನಿಮ್ಮ ಹೆಸರಲ್ಲಿ ಹಾಕಿದರೆ ‘ಇದು ಬೇರೊಬ್ಬರ ವೈಯಕ್ತಿಕ ಮಾಹಿತಿ’ ಅನ್ನಲು ಅವರಿಗೆ ಇನ್ನೊಂದು ನೆಪ ಸಿಗುತ್ತದೆ.

ಪ್ರಶ್ನೆ: ನನಗೆ ಗೃಹಲಕ್ಷ್ಮಿ ಬರುತ್ತಿಲ್ಲ. ನನ್ನ ಗಂಡ ಜಿಎಸ್‌ಟಿ ಕಟ್ಟುತ್ತಾರೆ ಅಂತ ಕಂಪ್ಯೂಟರ್ ತೋರಿಸುತ್ತಿದೆಯಂತೆ. ಅವರು ಗಾರೆ ಕೆಲಸದವರು. ಕೇಳಿದರೆ ‘ನಮ್ಮ ಕೈಯಲ್ಲಿಲ್ಲ, ಮೇಲಿಂದ ಬಂದಿದೆ’ ಅನ್ನುತ್ತಾರೆ. — ತುಮಕೂರು ಜಿಲ್ಲೆಯ ಓದುಗರು

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಈ ಯೋಜನೆಯಲ್ಲಿ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ತಿಂಗಳ 2,000 ರೂಪಾಯಿ ಸಿಗುವುದಿಲ್ಲ. ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುವುದರಿಂದ ಇಂಥ ಎಡವಟ್ಟು ಆಗುತ್ತದೆ.

ಆರ್‌ಟಿಐಗೂ ಮುಂಚೆ ಐದು ನಿಮಿಷದ ಒಂದು ಕೆಲಸ ಮಾಡಿ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಹಾಕಿ ತೆರಿಗೆದಾರರನ್ನು ಹುಡುಕುವ ಸೌಲಭ್ಯ ಎಲ್ಲರಿಗೂ ತೆರೆದಿದೆ. ಗಂಡನ ಪ್ಯಾನ್ ಹಾಕಿ. ನೋಂದಣಿ ಏನೂ ಕಾಣದಿದ್ದರೆ ಆ ಪುಟ ಮುದ್ರಿಸಿಕೊಳ್ಳಿ, ಅದು ನಿಮ್ಮ ಸಾಕ್ಷಿ. ಗೊತ್ತಿಲ್ಲದ ಅಂಗಡಿಯ ಹೆಸರು ಕಂಡರೆ ವಿಷಯ ಗಂಭೀರ. ಅವರ ಪ್ಯಾನ್ ಬಳಸಿ ಬೇರೆ ಯಾರೋ ನೋಂದಣಿ ಮಾಡಿಸಿದ್ದಾರೆ. ಆಗ ತೆರಿಗೆ ಇಲಾಖೆಗೂ ಪೊಲೀಸರಿಗೂ ದೂರು ಕೊಡಬೇಕು, ಗೃಹಲಕ್ಷ್ಮಿ ಆಮೇಲೆ.

ಆರ್‌ಟಿಐ ಅರ್ಜಿ ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಲಿ. ನಿಮ್ಮ ಅರ್ಜಿಯ ಸ್ಥಿತಿ ತೋರಿಸುವ ಪರದೆಯ ಮುದ್ರಿತ ಪ್ರತಿ, ತೆರಿಗೆದಾರರು ಎಂಬ ವಿವರ ಯಾವ ಇಲಾಖೆಯಿಂದ ಯಾವ ದಿನಾಂಕ ಬಂತು ಎಂಬ ದಾಖಲೆ, ತಪ್ಪಿದ್ದರೆ ಸರಿಪಡಿಸುವ ಕ್ರಮದ ಸುತ್ತೋಲೆ ಕೇಳಿ. ಕಂಪ್ಯೂಟರಿನಲ್ಲಿ ಇರುವುದೂ ಮಾಹಿತಿಯೇ. ‘ಮೇಲಿಂದ ಬಂದಿದೆ’ ಅಂದರೆ ಹೆದರಬೇಡಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಕಲಂ 6(3) ಅದಕ್ಕೇ ಇದೆ. ಕಚೇರಿಯಿಂದ ಕಚೇರಿಗೆ ಓಡಾಡಬೇಕಾದ್ದು ಅರ್ಜಿ, ನೀವಲ್ಲ.

ಪ್ರಶ್ನೆ: ಎರಡು ತಿಂಗಳಾಯಿತು, ಉತ್ತರ ಇಲ್ಲ. ಹೋಗಿ ಕೇಳಿದರೆ ‘ಕಡತ ಸಿಗುತ್ತಿಲ್ಲ’ ಅಂತ ಬಾಯಿಮಾತಲ್ಲಿ ಹೇಳಿದರು.

ಮೊದಲ 30 ದಿನ ಕಳೆದ ಮೇಲೆ ಇನ್ನೊಂದು 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಬೇಕು. ನೀವು ಅಂಚಿನಲ್ಲಿದ್ದೀರಿ, ನಾಳೆಯೇ ಹಾಕಿ. ಅದೇ ಕಚೇರಿಯ ಮೇಲಧಿಕಾರಿ ಅದನ್ನು ಕೇಳುತ್ತಾರೆ, 30 ದಿನ, ಹೆಚ್ಚೆಂದರೆ 45 ದಿನದಲ್ಲಿ ಮುಗಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಅಲ್ಲಿ ಸರದಿ ಉದ್ದ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಪ್ರಥಮ ಮೇಲ್ಮನವಿಯನ್ನು ಕಾಟಾಚಾರಕ್ಕೆ ಬರೆಯಬೇಡಿ.

‘ಕಡತ ಸಿಗುತ್ತಿಲ್ಲ’ ಅನ್ನುವುದನ್ನು ಬರಹದಲ್ಲಿ ಕೇಳಿ. ಮಾಹಿತಿ ನಿರಾಕರಿಸಲು ಕಾಯ್ದೆಯಲ್ಲಿ ಇರುವ ಕಾರಣಗಳಲ್ಲಿ ‘ಕಳೆದುಹೋಗಿದೆ’ ಎಂಬುದು ಇಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್, ಒಮ್ಮೆ ಇದ್ದ ದಾಖಲೆ ಸಿಗದಿದ್ದರೆ ಕೂಲಂಕಷವಾಗಿ ಹುಡುಕಬೇಕು, ಹೊಣೆ ಯಾರದ್ದು ಅಂತ ಗುರುತಿಸಬೇಕು ಎಂದಿದೆ. ಬರೆದು ಸಹಿ ಹಾಕಬೇಕಾಗಿ ಬಂದಾಗ ಎಷ್ಟೋ ಕಡತಗಳು ಬೀರುವಿನ ಹಿಂದಿನಿಂದ ತಾವಾಗೇ ಎದ್ದು ಬರುತ್ತವೆ. ತಡವಾಗಿ ಕೊಟ್ಟರೆ ಪ್ರತಿಗಳಿಗೆ ನೀವು ದುಡ್ಡು ಕಟ್ಟಬೇಕಿಲ್ಲ, ಇದು ನೆನಪಿರಲಿ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಇದೆ. ಅದನ್ನು ಹಾಕುವುದು ಆಯೋಗ, ಅದು ಹೋಗುವುದು ಸರ್ಕಾರಕ್ಕೆ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರಿಗೆ ಹತ್ತು ಎಕರೆ ಇದೆ, ಅವರಿಗೆ ಪಿಂಚಣಿ ಬರುತ್ತಿದೆ. ಅವರ ಕಡತ ತೆಗೆಸಬಹುದಾ?

ಫಲಾನುಭವಿಗಳ ವಿವರವನ್ನು ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು ಅಂತ ಕಲಂ 4 ಹೇಳುತ್ತದೆ. ಪಟ್ಟಿ ಕೇಳಿ, ತಪ್ಪಿಲ್ಲ. ಆದರೆ ಒಬ್ಬರ ಆದಾಯ, ಆಧಾರ್, ಬ್ಯಾಂಕ್ ವಿವರವಿರುವ ಕಡತ ವೈಯಕ್ತಿಕ ಮಾಹಿತಿ. ದತ್ತಾಂಶ ರಕ್ಷಣೆಯ 2023ರ ಕಾಯ್ದೆ ಆರ್‌ಟಿಐನ 8(1)(ಜೆ) ಕಲಂ ಅನ್ನು ಬದಲಿಸಿದ ಮೇಲೆ ಅದನ್ನು ನಿರಾಕರಿಸುವುದು ಇನ್ನೂ ಸುಲಭವಾಗಿದೆ. ಇದು ನನಗೆ ಹಿಡಿಸದ ಬದಲಾವಣೆ, ಆದರೆ ಇರುವುದು ಇದೇ. ನಿಮ್ಮ ವಿಷಯಕ್ಕೆ ಬಂದರೆ, ಅವರದ್ದು ನಿಂತರೆ ನಿಮ್ಮದು ಶುರುವಾಗುವುದಿಲ್ಲ. ಬೇಲಿ ಜಗಳ ಮಾತ್ರ ಹೊಸದಾಗಿ ಶುರುವಾಗುತ್ತದೆ.

ಪ್ರಶ್ನೆ: ಆರ್‌ಟಿಐ ಹಾಕಿದ ವಾರಕ್ಕೆ ಕಚೇರಿಯಿಂದ ಫೋನ್ ಬಂತು. ‘ಅರ್ಜಿ ವಾಪಸ್ ತಗೊಳ್ಳಿ, ನಿಮ್ಮ ಕೆಲಸ ಮಾಡಿಕೊಡ್ತೀವಿ’ ಅಂದರು. ನಂಬಬಹುದಾ?

ಈ ಫೋನ್ ಎಷ್ಟೋ ಜನರಿಗೆ ಬರುತ್ತದೆ. ಕೆಲಸ ಆಗುವುದೂ ಉಂಟು. ಬೈಯುವ ಅಗತ್ಯವಿಲ್ಲ, ‘ಆಗಲಿ ಸಾರ್, ಮೊದಲು ಆದೇಶ ಕೊಡಿ’ ಅನ್ನಿ. ಮಂಜೂರಾತಿ ಆದೇಶ ಕೈಗೆ ಬಂದು, ಮೊದಲ ತಿಂಗಳ ಹಣ ಖಾತೆಗೆ ಬೀಳುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ‘ಮಾಹಿತಿ ಪಡೆದಿರುತ್ತೇನೆ’ ಅಂತ ಮೊದಲೇ ಟೈಪ್ ಮಾಡಿದ ಹಾಳೆಯನ್ನು ಮುಂದಿಡುತ್ತಾರೆ, ಅದಕ್ಕಂತೂ ಬೇಡವೇ ಬೇಡ. ಫೋನ್ ಬಂದ ದಿನಾಂಕ, ಸಮಯ, ಸಂಖ್ಯೆಯನ್ನು ಪೋಸ್ಟಲ್ ರಸೀದಿಯ ಹಿಂಬದಿಯಲ್ಲಿ ಬರೆದಿಡಿ. 30 ದಿನದ ಲೆಕ್ಕ ಅರ್ಜಿ ತಲುಪಿದ ದಿನದಿಂದಲೇ ನಡೆಯುತ್ತಿರುತ್ತದೆ, ಫೋನ್ ಬಂತು ಅಂತ ಅದು ನಿಲ್ಲುವುದಿಲ್ಲ.