ಬಾಗಿನ, ಬಡ್ತಿ ಮತ್ತು ಫೆಬ್ರುವರಿವರೆಗಿನ ಕಂತು

ಪ್ರಶ್ನೆ: ನನಗೆ 34 ವರ್ಷ. ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಗಂಡನಿಗೆ ಮಂಡ್ಯದಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಐದು ವರ್ಷದ ಮಗ ಇದ್ದಾನೆ, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಕಳೆದ ವರ್ಷ ನಾದಿನಿಯರಿಬ್ಬರಿಗೆ ಗೌರಿ ಹಬ್ಬದ ಸೀರೆ-ಬಾಗಿನ, ಊರಿನಲ್ಲಿ ಹಿರಿಯರ ಹಬ್ಬಕ್ಕೆ ಬಟ್ಟೆ, ದಸರಾಕ್ಕೆ ಬಂದ ನೆಂಟರು, ದೀಪಾವಳಿಗೆ ಎರಡೂ ಮನೆಯವರಿಗೆ ಬಟ್ಟೆ, ಆಫೀಸಿಗೆ ಸ್ವೀಟು ಅಂತ 46 ಸಾವಿರ ಖರ್ಚಾಯಿತು. ಅದರಲ್ಲಿ 28 ಸಾವಿರ ಕ್ರೆಡಿಟ್ ಕಾರ್ಡಿನದು, ತೀರಿದ್ದು ಫೆಬ್ರುವರಿಯಲ್ಲಿ. ಇಷ್ಟು ಮಾಡಿಯೂ, ಹಬ್ಬದ ದಿನ ಆಫೀಸಿನಲ್ಲಿ ನನಗೆ ರಿಲೀಸ್ (ಹೊಸ ಸಾಫ್ಟ್‌ವೇರ್ ಬಿಡುಗಡೆ) ಇತ್ತು ಅಂತ ಬಾಗಿನವನ್ನು ಗಂಡನ ಕೈಯಲ್ಲಿ ಕಳಿಸಿದ್ದಕ್ಕೆ ಚಿಕ್ಕ ನಾದಿನಿ, 'ಅತ್ತಿಗೆ ಬರಲಿಲ್ವಾ? ಕೊರಿಯರ್ ಥರ ಕಳ್ಸಿಬಿಟ್ರಾ?' ಅಂದರಂತೆ. ಈ ವರ್ಷ ಅಕ್ಟೋಬರ್‌ನಲ್ಲಿ ಮ್ಯಾನೇಜರ್ ಹುದ್ದೆಗೆ ನನ್ನ ಸಂದರ್ಶನ ಇದೆ. ಬೇಡ ಅಂದುಬಿಡೋಣ ಅನ್ನಿಸುತ್ತಿದೆ. ಶ್ರಾವಣ ಮುಗಿಯುತ್ತಾ ಬಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಏನು ಮಾಡಲಿ?

— ಓದುಗರೊಬ್ಬರು, ಮೈಸೂರು

ಉತ್ತರ: ಬಡ್ತಿ ಬೇಡ ಅನ್ನಬೇಡಿ. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ, ಆದರೆ ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು-ಹನ್ನೆರಡು ವರ್ಷ ದುಡಿದು ಈ ಬಾಗಿಲವರೆಗೆ ಬಂದಿದ್ದೀರಿ. ಹಬ್ಬದ ಪಟ್ಟಿಗೆ ಹೆದರಿ ವಾಪಸು ತಿರುಗಿದರೆ ಮುಂದಿನ ವರ್ಷ ಆ ಪಟ್ಟಿಯೇನೂ ಚಿಕ್ಕದಾಗುವುದಿಲ್ಲ. ನಾದಿನಿಯರ ಮೇಲೆ, ಅತ್ತೆಯ ಮೇಲೆ ಒಳಗೊಳಗೇ ಒಂದು ಸಿಟ್ಟು ಮಾತ್ರ ಉಳಿಯುತ್ತದೆ. ಆ ಸಿಟ್ಟನ್ನು ಹೊತ್ತುಕೊಂಡು ನಲವತ್ತೈದರ ಹೊತ್ತಿಗೆ ನನ್ನ ಮುಂದೆ ಬಂದು ಕೂತು ಅತ್ತವರನ್ನು ಕಂಡಿದ್ದೇನೆ.

ಎದೆ ಹೊಡೆದುಕೊಳ್ಳುವುದಕ್ಕೆ ಕಾರಣ ನಿಮ್ಮ ದೌರ್ಬಲ್ಯ ಅಂದುಕೊಳ್ಳಬೇಡಿ. ಪಂಚಾಂಗ ತೆಗೆದು ಎಣಿಸಿ ನೋಡಿ. ಭಾದ್ರಪದ ಶುದ್ಧ ತದಿಗೆಯ ಗೌರಿಯಿಂದ ಆಶ್ವಯುಜ ಬಹುಳ ಚತುರ್ದಶಿಯ ನರಕ ಚತುರ್ದಶಿವರೆಗೆ ಸುಮಾರು 55 ದಿನ. ಅಷ್ಟರೊಳಗೆ ಗೌರಿ-ಗಣೇಶ, ಪಿತೃಪಕ್ಷ, ನವರಾತ್ರಿ, ದೀಪಾವಳಿ ಎಲ್ಲವೂ ಬರಬೇಕು. ಅದರ ನಡುವೆಯೇ ಸೆಪ್ಟೆಂಬರ್ ಕೊನೆಗೆ ಕಂಪನಿಗಳ ಅರ್ಧವರ್ಷದ ಲೆಕ್ಕ ಮುಗಿಯುತ್ತದೆ. ಬೋನಸ್ ಕೊಡುವ ಕಡೆಯೂ ಅದು ಸಾಮಾನ್ಯವಾಗಿ ದೀಪಾವಳಿ ಹೊತ್ತಿಗೆ ಕೈಸೇರುತ್ತದೆ, ಖರ್ಚು ಗೌರಿ ಹಬ್ಬಕ್ಕೇ ಶುರುವಾಗಿರುತ್ತದೆ. ಈ ಎರಡರ ನಡುವಿನ ಸಂದಿನಲ್ಲೇ ನಿಮ್ಮ ಕ್ರೆಡಿಟ್ ಕಾರ್ಡ್ ಹೊರಗೆ ಬಂದದ್ದು.

ಇನ್ನು ಬಾಗಿನದ ಮಾತು. ನನ್ನ ಬಾಲ್ಯ ಕಳೆದದ್ದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ. ಗೌರಿ ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ನಮ್ಮ ಸೋದರಮಾವ ಸೈಕಲ್ ಕ್ಯಾರಿಯರ್‌ಗೆ ಜೊತೆ ಮೊರ ಕಟ್ಟಿಕೊಂಡು ಬರುತ್ತಿದ್ದ. ಅರಿಶಿನ ಹಚ್ಚಿ ಒಣಗಿಸಿದ ಮೊರ. ಒಳಗೆ ಅಕ್ಕಿ, ತೊಗರಿಬೇಳೆ, ಆಲೆಮನೆಯ ಎರಡು ಅಚ್ಚು ಬೆಲ್ಲ, ಕಾಯಿ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ಒಂದು ರವಿಕೆ ಕಣ. ಮೇಲೆ ಇನ್ನೊಂದು ಮೊರ ಮುಚ್ಚಿ ಹುರಿಯಿಂದ ಬಿಗಿದಿರುತ್ತಿದ್ದ. ಅಮ್ಮ ಅದನ್ನು ದೇವರ ಮುಂದೆ ಇಟ್ಟು, ಅವನಿಗೆ ಕಾಲಿಗೆ ನೀರು ಕೊಟ್ಟು, ಊಟ ಬಡಿಸಿ, ತವರಿನ ಹಸು-ಕರು, ಗದ್ದೆ, ಅಜ್ಜಿಯ ಮಂಡಿನೋವು ಎಲ್ಲ ವಿಚಾರಿಸಿ ಮುಗಿಯುವವರೆಗೆ ಆ ಹುರಿ ಬಿಚ್ಚುತ್ತಿರಲಿಲ್ಲ. ಆಮೇಲೆ ಬಿಚ್ಚಿದಾಗಲೂ ಒಳಗೇನಿದೆ ಅಂತ ಅವಳಿಗೆ ಗೊತ್ತೇ ಇರುತ್ತಿತ್ತು. ಪ್ರತಿ ವರ್ಷ ಅದೇ.

ಬಾಗಿನಕ್ಕೆ ಮೊರವೇ ಅಳತೆ. ಮೊರದಲ್ಲಿ ಹಿಡಿಸಿದಷ್ಟು ಕೊಡುವುದು, ತವರಿನವರೇ ಹೋಗಿ ಕೊಡುವುದು. ಈಗಿನ ನಮ್ಮ ಉಡುಗೊರೆಗಳಲ್ಲಿ ಆ ಅಳತೆಯೇ ತಪ್ಪಿಹೋಗಿದೆ. ಹೋದ ವರ್ಷ ಎರಡೂವರೆ ಸಾವಿರದ ಸೀರೆ ಕೊಟ್ಟಿದ್ದರೆ ಈ ವರ್ಷ ಅದಕ್ಕಿಂತ ಕಡಿಮೆಯದಕ್ಕೆ ಕೈ ಬರುವುದಿಲ್ಲ, ಮುಂದಿನ ವರ್ಷ ಅದಕ್ಕೂ ಹೆಚ್ಚು. ನಿಮ್ಮ ನಾದಿನಿಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಸೀರೆ ಸಾಲದು ಅಂತ ಅವರು ಅಂದಿಲ್ಲ, 'ಬರಲಿಲ್ವಾ' ಅಂತ ಕೇಳಿದ್ದಾರೆ. ನಿಮಗೆ ನೋವಾದದ್ದು ನಿಜ. ಆದರೆ ನಿಮ್ಮನ್ನು ನೋಡಬೇಕು ಅನ್ನಿಸಿ ಆಡಿದ ಮಾತು ಅದು ಅಂತ ನನಗೆ ಕಾಣುತ್ತದೆ. ಹಾಗಾಗಿ ಈ ಸಲ ಸೀರೆ ಬಿಡಿ. ಬಂಬೂ ಬಜಾರಿನಲ್ಲಿ ಮೇದರು ಹೆಣೆದ ಒಳ್ಳೆಯ ಮೊರ ತನ್ನಿ, ಬಾಗಿನದ ಸಾಮಾನು ದೇವರಾಜ ಮಾರ್ಕೆಟ್‌ನಲ್ಲಿ ಸಿಗುತ್ತದೆ, ಒಂದು ಚೆಂದದ ರವಿಕೆ ಕಣ ಇಡಿ. ಹಬ್ಬದ ಹಿಂದಿನ ಭಾನುವಾರ ಗಂಡ-ಹೆಂಡತಿ ಇಬ್ಬರೂ ಮಗನನ್ನು ಕರೆದುಕೊಂಡು ಹೋಗಿ ಕೊಟ್ಟು, ಊಟ ಮಾಡಿಕೊಂಡು ಬನ್ನಿ. ಸೀರೆಯನ್ನು ಅವರ ಮನೆಯ ಗೃಹಪ್ರವೇಶಕ್ಕೋ ಮಗಳ ಆರತಿಗೋ ಇಟ್ಟುಕೊಳ್ಳಿ, ಆಗ ಮೈಸೂರು ಸಿಲ್ಕನ್ನೇ ಕೊಡಿಸುವಿರಂತೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ತಡೆದು ನಿಲ್ಲಿಸಿದ ಮಾತು ಬೇರೆಯೇ ಇದೆ. 'ಗಂಡನ ಕೈಯಲ್ಲಿ ಕಳಿಸಿದ್ದಕ್ಕೆ' ಅಂತ ಬರೆದಿದ್ದೀರಿ. ಬಾಗಿನ ಯಾರದು? ಅಣ್ಣ ತಂಗಿಗೆ ಕೊಡುವುದಲ್ಲವೇ? ಅವರ ತಂಗಿಯರಿಗೆ ಅವರು ಕೊಡಬೇಕಾದದ್ದನ್ನು ನೀವು ನೆನಪಿಟ್ಟುಕೊಂಡು, ನೀವು ಆರಿಸಿ, ನಿಮ್ಮ ಕಾರ್ಡ್ ಉಜ್ಜಿ, ನೀವೇ ಕಟ್ಟಿ, ಕೊನೆಗೆ ಅವರ ಕೈಯಲ್ಲಿ 'ಕಳಿಸಿದಿರಿ'. ಕೆಟ್ಟ ಮನುಷ್ಯ ಅಂತ ನಾನು ಹೇಳುತ್ತಿಲ್ಲ, ದಿನಾ ರೈಲಿನಲ್ಲಿ ಹೋಗಿಬರುವವರ ದಣಿವು ಸಣ್ಣದಲ್ಲ. ಆದರೆ ನಿಮ್ಮನ್ನು ಸುಸ್ತು ಮಾಡುತ್ತಿರುವುದು ಅಂಗಡಿಯ ಓಡಾಟಕ್ಕಿಂತ ಹೆಚ್ಚಾಗಿ, ಯಾರಿಗೆ ಏನು, ಯಾವಾಗ, ಹೋದ ವರ್ಷ ಎಷ್ಟು ಅನ್ನುವುದೆಲ್ಲ ನಿಮ್ಮೊಬ್ಬರ ತಲೆಯಲ್ಲೇ ಇರುವುದು. ಒಂದು ಸಂಜೆ ನೀವು, ಗಂಡ, ಅತ್ತೆ ಮೂವರೂ ಕೂತು ಅದನ್ನು ನೋಟ್‌ಬುಕ್ಕಿಗೆ ಇಳಿಸಿ. ತಂಗಿಯರ ಹೆಸರಿನ ಮುಂದೆ ನಿಮ್ಮ ಗಂಡನೇ ತಮ್ಮ ಹೆಸರು ಬರೆದುಕೊಳ್ಳಲಿ. ಮೊರದ ಸಾಮಾನಿನ ಪಟ್ಟಿ ಅತ್ತೆಯವರಿಗೆ ಬಿಡಿ, ಬಿಚ್ಚೋಲೆ ಎಷ್ಟು, ಬಳೆ ಯಾವ ಬಣ್ಣ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಳೆದ ವರ್ಷದ ಕಾರ್ಡಿನ ಬಿಲ್ಲನ್ನೂ ಅಲ್ಲೇ ತೋರಿಸಿ. ಮನೆಯ ಹಿರಿಯರಿಗೆ ಲೆಕ್ಕ ಗೊತ್ತಿಲ್ಲದೆ 'ಸೀರೆ ತಗೊಂಡ್ಯಾ' ಅಂತ ಕೇಳುವುದುಂಟು. ಗೊತ್ತಾದ ಮೇಲೆ ಎಷ್ಟೋ ಅತ್ತೆಯಂದಿರು 'ಯಾಕಮ್ಮ ಇಷ್ಟೆಲ್ಲ' ಅಂದದ್ದನ್ನು ನಾನೇ ಕೇಳಿದ್ದೇನೆ.

ಆ ಬಿಲ್ಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಅಂತ ಇಟ್ಟುಕೊಂಡರೆ, 28 ಸಾವಿರವನ್ನು ಏಳೇಳು ಸಾವಿರದಂತೆ ನಾಲ್ಕು ತಿಂಗಳಲ್ಲಿ ತೀರಿಸಲು ಬಡ್ಡಿಯೇ ಸುಮಾರು 2,450 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 2,900. ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ ಅನ್ನುವುದು ಅನೇಕರಿಗೆ ತಿಳಿದಿಲ್ಲ. 'ಬಡ್ಡಿ ಇಲ್ಲದ ಕಂತು' ಅನ್ನುವ ಬೋರ್ಡನ್ನೂ ನಂಬಬೇಡಿ. ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಅಡಗಿಸಿಡುವ ಇಂಥ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಈ ವರ್ಷ ಗೌರಿಯಿಂದ ದೀಪಾವಳಿಯವರೆಗಿನ ಎರಡು ಸಂಬಳದಲ್ಲಿ ಮಿಗುವುದೆಷ್ಟೋ ಅಷ್ಟೇ ಹಬ್ಬದ ದುಡ್ಡು. ಮುಂದಿನ ವರ್ಷಕ್ಕೆ ಈ ತಿಂಗಳಿಂದಲೇ ಬ್ಯಾಂಕಿನಲ್ಲಿ ತಿಂಗಳಿಗೆ 2,000 ರೂಪಾಯಿಯಂತೆ ಒಂದು ವರ್ಷದ ಆರ್‌ಡಿ ಕಟ್ಟಿ. 24 ಸಾವಿರ, ಜೊತೆಗೆ ಒಂದಿಷ್ಟು ಬಡ್ಡಿ ಹಬ್ಬದ ಹೊತ್ತಿಗೆ ಕೈಯಲ್ಲಿರುತ್ತದೆ. ಅದರಾಚೆಗೆ ಹೋಗಬೇಡಿ.

ಹಿರಿಯರ ಹಬ್ಬಕ್ಕೆ ಎಡೆ ಮುಂದೆ ಇಡುವ ಹೊಸ ಬಟ್ಟೆಯನ್ನು ಆಮೇಲೆ ಮನೆಯವರೇ ಉಡುತ್ತಾರಲ್ಲ? ಅತ್ತೆಗೆ, ಗಂಡನಿಗೆ ದೀಪಾವಳಿಗೆಂದು ತರುವುದನ್ನೇ ಅಲ್ಲಿಡಿ. ಒಂದೇ ಖರೀದಿಯಲ್ಲಿ ಮುಗಿಯುತ್ತದೆ, ಹಿರಿಯರ ಆಶೀರ್ವಾದದ ಬಟ್ಟೆಯೂ ಆಗುತ್ತದೆ. ಆಫೀಸಿನ ಸ್ವೀಟಿಗೆ ಟೀಮಿನವರೆಲ್ಲ ಸೇರಿ ಒಂದೇ ಡಬ್ಬ ತರಿಸಿದರೆ ಸಾಕು.

ದಸರಾ ನೆಂಟರ ವಿಷಯದಲ್ಲಿ ಮಾತ್ರ ನನಗೆ ಕೈ ಗಟ್ಟಿ ಮಾಡಿ ಅನ್ನಲು ಮನಸ್ಸು ಬಾರದು. ಅರಮನೆಯ ದೀಪ ನೋಡಲು ಬಂದವರಿಗೆ ಮನೆಯಲ್ಲಿ ಹಾಸಿಗೆ ಹಾಸುವುದು ಮೈಸೂರಿನವರು ನಡೆಸಿಕೊಂಡು ಬಂದದ್ದು. ಆದರೆ ಯಾವ ಎರಡು ದಿನ ಅನ್ನುವುದನ್ನು ನೀವು ಹೇಳಿ. ಸಂದರ್ಶನದ ತಾರೀಕು ಗೊತ್ತಾದ ಕೂಡಲೇ, ಅದರ ಹಿಂದುಮುಂದಿನ ದಿನಗಳನ್ನು ಬಿಟ್ಟು ಉಳಿದ ದಿನಗಳಿಗೆ ನೀವಾಗಿಯೇ ಫೋನ್ ಮಾಡಿ ಕರೆಯಿರಿ. ಅವರಾಗಿ ಕೇಳಿದ ಮೇಲೆ 'ಆಗಲ್ಲ' ಅನ್ನುವುದಕ್ಕಿಂತ ಇದು ಎಷ್ಟೋ ಮೇಲು. ಆಫೀಸಿನಲ್ಲೂ ಹಾಗೆಯೇ. ಗೌರಿ ಹಬ್ಬದ ರಜೆಯನ್ನು ಒಂದು ತಿಂಗಳು ಮೊದಲೇ ಬರೆದು ಕೊಟ್ಟು, ಆ ದಿನದ ರಿಲೀಸ್ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಅದರಲ್ಲೇ ತಿಳಿಸಿ. ಮ್ಯಾನೇಜರ್ ಮಾಡಬೇಕಾದ ಕೆಲಸವೂ ಅದೇ ತಾನೇ.

ಪ್ರಶ್ನೆ: ವಯಸ್ಸು 37, ಕೆಲಸ ಬೆಂಗಳೂರಿನಲ್ಲಿ. ಅಕ್ಕನನ್ನು ಮಂಡ್ಯಕ್ಕೆ ಕೊಟ್ಟಿದೆ. ಹೋದ ಗೌರಿ ಹಬ್ಬಕ್ಕೆ ಹೋಗಲಾಗದೆ ಐದು ಸಾವಿರ ಫೋನ್‌ನಲ್ಲೇ ಹಾಕಿದೆ. ಅರ್ಧ ಗಂಟೆಯಲ್ಲಿ ವಾಪಸ್ ಹಾಕಿದಳು. ಅಲ್ಲಿಂದ ಮಾತು ಕಡಿಮೆಯಾಗಿದೆ.

— ಓದುಗರೊಬ್ಬರು, ಬೆಂಗಳೂರು

ಉತ್ತರ: ಅಪ್ಪ-ಅಮ್ಮ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇಲ್ಲವಾದರೆ ಅಕ್ಕನಿಗೆ ತವರು ಅಂದರೆ ನೀವೊಬ್ಬರೇ. ಆ ಐದು ಸಾವಿರ ಅವರಿಗೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಕಂಡಿರಬೇಕು. ಈ ವರ್ಷ ಐನೂರು ರೂಪಾಯಿಯ ಅರಿಶಿನ-ಕುಂಕುಮ, ಬಳೆ, ಹೂವು, ಹಣ್ಣು ಸಾಕು. ಹಬ್ಬದ ದಿನವೇ ಆಗಬೇಕು ಅಂತಿಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊದಲೇ ಹೋಗಿ ಕೊಟ್ಟು ಬರುತ್ತಾರೆ. ಬೆಳಗಿನ ರೈಲು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ವಾಪಸ್ ಬಂದ ದುಡ್ಡಿನ ಮಾತನ್ನು ಎತ್ತಬೇಡಿ, ಅವರು ಎತ್ತಿದರೆ 'ತಪ್ಪಾಯ್ತು ಅಕ್ಕ' ಅಂದುಬಿಡಿ. ಇದನ್ನು ಓದಿದ ಮೇಲೆ ಇವತ್ತೇ ಫೋನ್ ಮಾಡಿ, ಯಾವ ಭಾನುವಾರ ಮನೆಯಲ್ಲಿರ್ತೀಯ ಅಂತ ಕೇಳಿ.