ವೊಂಬ್ಯಾಟ್‌ಗಳ ಉಳಿವಿಗೆ ಬೇಲಿಯೂ ಬೇಕು, ತಾಳ್ಮೆಯೂ ಬೇಕು

ಮಾನ್ಯರೇ,

ಕ್ಯಾನ್‌ಬೆರಾದ ಮಗಳ ಮನೆಗೆ ಹೋಗಿದ್ದಾಗ ಹೆದ್ದಾರಿಯ ಬದಿಯಲ್ಲಿ ಸತ್ತುಬಿದ್ದಿದ್ದ ವೊಂಬ್ಯಾಟನ್ನು (ಬಿಲದಲ್ಲಿ ವಾಸಿಸುವ, ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊರುವ ಆಸ್ಟ್ರೇಲಿಯದ ಪ್ರಾಣಿ) ಕಂಡು ನೊಂದ ನೀವು, ಈ ಪ್ರಾಣಿ ಅಳಿದುಹೋಗುತ್ತಿದೆಯೇ, ಅದರ ಉಳಿವಿಗೆ ನಮ್ಮಂಥವರು ಏನು ಮಾಡಬಹುದು ಎಂದು ಕೇಳಿದ್ದೀರಿ.

ನೀವು ಕಂಡದ್ದು ಬೋಳುಮೂಗಿನ ವೊಂಬ್ಯಾಟ್ ಆಗಿರಬೇಕು. ಆಗ್ನೇಯ ಆಸ್ಟ್ರೇಲಿಯ ಮತ್ತು ಟಾಸ್ಮೇನಿಯಗಳಲ್ಲಿ ಹರಡಿಕೊಂಡಿರುವ ಅದಕ್ಕೆ ಸದ್ಯಕ್ಕೆ ಅಳಿವಿನ ಭಯವಿಲ್ಲ. ಮೂರು ಪ್ರಭೇದಗಳ ಪೈಕಿ ನಿಜಕ್ಕೂ ಕಳವಳ ಹುಟ್ಟಿಸುವುದು ಉತ್ತರದ ರೋಮಮೂಗಿನ ವೊಂಬ್ಯಾಟ್. ಬರಗಾಲ ಮತ್ತು ಹುಲ್ಲಿಗಾಗಿ ದನಕುರಿಗಳೊಡನೆ ನಡೆದ ಪೈಪೋಟಿಯಲ್ಲಿ ಸೋತ ಈ ಪ್ರಾಣಿ, 1980ರ ದಶಕದ ಆರಂಭದ ಹೊತ್ತಿಗೆ ಕ್ವೀನ್ಸ್‌ಲ್ಯಾಂಡಿನ ಎಪಿಂಗ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ, ಅದೂ ಸುಮಾರು 35ರಷ್ಟು ಉಳಿದಿತ್ತು. ದನಗಳನ್ನು ಹೊರಗಿಟ್ಟ ಮೇಲೆ ಸಂಖ್ಯೆ ಮೆಲ್ಲಗೆ ಏರಿತಾದರೂ, 2000ದ ಆಸುಪಾಸಿನಲ್ಲಿ ಡಿಂಗೊ ಎಂಬ ಅಲ್ಲಿನ ಕಾಡುನಾಯಿಗಳು ಹತ್ತರಷ್ಟು ವೊಂಬ್ಯಾಟ್‌ಗಳನ್ನು ಕೊಂದವು. ಒಡನೆಯೇ, 2002ರಲ್ಲಿ, ಸುಮಾರು 20 ಕಿಲೋಮೀಟರ್ ಉದ್ದದ ಬೇಲಿ ಎದ್ದಿತು. ಒಂದೇ ನೆಲೆಯನ್ನು ನಂಬಿ ಕೂರುವುದು ಅಪಾಯವೆಂದು 2009ರಲ್ಲಿ ಸೇಂಟ್ ಜಾರ್ಜ್ ಊರಿನ ಸಮೀಪ ಎರಡನೆಯ ನೆಲೆಯನ್ನು ಆರಂಭಿಸಲಾಯಿತು. ಇರುಳಲ್ಲಿ ಮೇಯುವ ಈ ಪ್ರಾಣಿಗಳನ್ನು ಹಿಡಿದು ಗಾಬರಿಪಡಿಸದೆ, ಬಿಲದ ಬಾಯಿಗೆ ಅಡ್ಡಲಾಗಿ ಕಟ್ಟಿದ ಅಂಟುಪಟ್ಟಿಗೆ ಹತ್ತಿದ ಕೂದಲಿನ ಡಿಎನ್‌ಎ ಪರೀಕ್ಷಿಸಿ ಎಣಿಸುತ್ತಾರೆ. ಸಂಖ್ಯೆ ಈಗ 300 ದಾಟಿದೆ. ಒಂದು ಸೂಲಿಗೆ ಒಂದೇ ಮರಿ ಹಾಕುವ ಪ್ರಾಣಿಯ ಮಟ್ಟಿಗೆ ಇದು ದೊಡ್ಡ ಗಳಿಕೆ ಎಂದೇ ನಾನು ಭಾವಿಸುತ್ತೇನೆ.

ವೊಂಬ್ಯಾಟಿನ ಹಿಕ್ಕೆ ಘನಾಕೃತಿಯಲ್ಲಿರುತ್ತದೆಯೇ ಎಂದು ನಿಮ್ಮ ಮೊಮ್ಮಗ ಕೇಳಿದ್ದಾನೆ; ಆ ಮಾತು ನಿಜ. ಕರುಳಿನ ಗೋಡೆ ಎಲ್ಲೆಡೆ ಒಂದೇ ಸಮನೆ ಹಿಗ್ಗದಿರುವುದೇ ಅದಕ್ಕೆ ಕಾರಣ.

ಬೋಳುಮೂಗಿನ ವೊಂಬ್ಯಾಟ್‌ಗಳನ್ನು ವಾಹನಗಳ ಜೊತೆಗೆ ನುಸಿಯಿಂದ ಹರಡುವ ಕಜ್ಜಿಯೂ ಹಿಂಡುತ್ತಿದೆ. ಬಿಲದ ಬಾಗಿಲಿಗೆ ತೂಗುಬಿಟ್ಟ ಮುಚ್ಚಳವನ್ನು ತಳ್ಳಿಕೊಂಡು ಪ್ರಾಣಿ ಹಾಯುವಾಗ ಔಷಧ ಅದರ ಬೆನ್ನಿಗೆ ಬೀಳುವಂತೆ ಸ್ವಯಂಸೇವಕರು ಏರ್ಪಾಡು ಮಾಡುತ್ತಾರೆ. ನಿಮ್ಮ ಮಗಳು ಇಂಥ ಸ್ಥಳೀಯ ತಂಡವೊಂದನ್ನು ಸೇರಬಹುದು. ಹಣ ನೀಡಬೇಕೆಂದರೆ, ಉತ್ತರದ ಪ್ರಭೇದಕ್ಕಾಗಿಯೇ ದುಡಿಯುತ್ತಿರುವ ವೊಂಬ್ಯಾಟ್ ಫೌಂಡೇಶನ್ ಇದೆ. ಬೇಲಿಯ ದುರಸ್ತಿ, ನೀರಿನ ವ್ಯವಸ್ಥೆಗಳಂಥ ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಕೊಟ್ಟ ಹಣವೇ ಸಾರ್ಥಕವೆಂಬುದು ನನ್ನ ಅಭಿಪ್ರಾಯ.

ಮುಸ್ಸಂಜೆಯಿಂದ ಮುಂಜಾವಿನವರೆಗೆ ಅಲ್ಲಿ ವಾಹನವನ್ನು ನಿಧಾನವಾಗಿ ಓಡಿಸಬೇಕು. ಸತ್ತ ಹೆಣ್ಣು ವೊಂಬ್ಯಾಟಿನ ಚೀಲದಲ್ಲಿ ಮರಿ ಬದುಕಿರುವುದುಂಟು. ಬಿಲ ತೋಡುವಾಗ ಮಣ್ಣು ತುಂಬದಿರಲೆಂದು ಆ ಚೀಲ ಹಿಂದಕ್ಕೆ ತೆರೆದಿರುತ್ತದೆ. ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ ನೋಡಿ, ಮರಿ ಕಂಡರೆ ಮೊಲೆತೊಟ್ಟಿನಿಂದ ಕೀಳದೆ, ಹಸುವಿನ ಹಾಲು ಕುಡಿಸದೆ, ವನ್ಯಜೀವಿ ರಕ್ಷಣಾ ತಂಡಕ್ಕೆ ಕೂಡಲೇ ಕರೆ ಮಾಡುವಂತೆ ಮಗಳಿಗೆ ತಿಳಿಸಿ.

– ಸಂಪಾದಕ