ಮದರ್ಸ್ ಡೇಗೆ ಎಷ್ಟು ಖರ್ಚು ಮಾಡಬೇಕು ಎಂದು ಕೇಳಿದ ತಂಗಿಗೆ

ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ಗೆ ಬಂದಿದ್ದೀರಿ. ಮಗನ ಡೇಕೇರ್‌ನಿಂದ ಮದರ್ಸ್ ಡೇ ಟೀಗೆ ಕರೆ ಬಂದಿದೆ. ದಾವಣಗೆರೆಯಿಂದ ಅತ್ತೆಯವರೂ ಬಂದು ಜೊತೆಗಿದ್ದಾರೆ. "ಅಕ್ಕಾ, ಇಲ್ಲಿನವರು ಇದಕ್ಕೆ ನಿಜವಾಗ್ಲೂ ಅಷ್ಟೊಂದು ಖರ್ಚು ಮಾಡ್ತಾರಾ? ನಾವೇನು ಮಾಡಬೇಕು?" ಎಂದು ಕೇಳಿದ್ದೀರಿ. ನಾನು ನ್ಯೂಜೆರ್ಸಿಗೆ ಬಂದು 17 ವರ್ಷವಾಯಿತು. ಗೊತ್ತಿರುವುದನ್ನು ಹೇಳುತ್ತೇನೆ.

ಖರ್ಚು ಮಾಡುವುದು ನಿಜ. ಇಲ್ಲಿನ ವ್ಯಾಪಾರಿಗಳ ಸಂಘ ನ್ಯಾಷನಲ್ ರೀಟೇಲ್ ಫೆಡರೇಷನ್ 2025ರಲ್ಲಿ ಹಾಕಿದ ಅಂದಾಜು ಸುಮಾರು 3,400 ಕೋಟಿ ಡಾಲರ್. ತಲೆಗೆ 259 ಡಾಲರ್. ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ಒಡವೆ ಕೊಳ್ಳುವವರೂ ಅದರಲ್ಲೇ ಸೇರಿದ್ದಾರೆ, ಅದಕ್ಕೇ ಸರಾಸರಿ ಅಷ್ಟು ಮೇಲಿದೆ. ನನ್ನ ಆಫೀಸಿನಲ್ಲಿ ಹೆಚ್ಚಿನವರದು ಒಂದು ಕಾರ್ಡು, ಒಂದಿಷ್ಟು ಹೂವು, ಭಾನುವಾರ ಅಮ್ಮನ ಜೊತೆ ಕೂತು ಒಂದು ಊಟ. ಅಷ್ಟೇ.

ಕಾರ್ಡು ಮಾತ್ರ ಬಿಡಬೇಡಿ. ಐದಾರು ಡಾಲರಿಗೆ ಸಿಗುತ್ತದೆ. ಆದರೆ ಅಚ್ಚಾದ ಸಾಲಿನ ಕೆಳಗೆ ಸುಮ್ನೆ ಹೆಸರು ಬರೆದು ಕೊಡಬೇಡಿ, ನಿಮ್ಮ ಮಾತು ನಾಲ್ಕು ಸಾಲಾದರೂ ಇರಲಿ. ಈ ದಿನವನ್ನು ಶುರು ಮಾಡಿದ ಆನಾ ಜಾರ್ವಿಸ್‌ಗೆ ಅಚ್ಚಾದ ಕಾರ್ಡು ಕಂಡರೇ ಆಗುತ್ತಿರಲಿಲ್ಲ. ಆಕೆಯ ಅಮ್ಮ ತೀರಿಕೊಂಡದ್ದು 1905ರಲ್ಲಿ. 1908ರ ಮೇ 10ರಂದು ವೆಸ್ಟ್ ವರ್ಜಿನಿಯಾದ ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಮೊದಲ ಪ್ರಾರ್ಥನೆ ನಡೆದಾಗ ಆಕೆ 500 ಬಿಳಿ ಕಾರ್ನೇಷನ್ ಹೂ ಕಳಿಸಿದ್ದರು. ಅಮ್ಮನಿಗೆ ಇಷ್ಟವಾದ ಹೂವು ಅದು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ಅಧಿಕೃತವಾಗಿ ಘೋಷಿಸಿದರು. ಆಮೇಲೆ ಹೂವಿನವರು, ಕಾರ್ಡಿನವರು, ಮಿಠಾಯಿಯವರು ಎಲ್ಲರೂ ಸೇರಿಕೊಂಡರು. ಆನಾ ಮುಂದೆ ವರ್ಷಗಟ್ಟಲೆ ಅವರ ವಿರುದ್ಧವೇ ಹೋರಾಡಿದರು. ನಾವು ಕನ್ನಡದಲ್ಲಿ ಅಮ್ಮಂದಿರ ದಿನ ಅಂತೀವಿ, ಅಲ್ವಾ? ಆಕೆ ಹಟ ಹಿಡಿದು ಇಟ್ಟ ಹೆಸರು ಏಕವಚನದ್ದು. ಎಲ್ಲ ಅಮ್ಮಂದಿರದಲ್ಲ, ನಿನ್ನ ಅಮ್ಮನ ದಿನ. ನನಗೆ ಅದು ತುಂಬಾ ಹಿಡಿಸುತ್ತದೆ.

ಹೂವನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ. ನಾನೊಮ್ಮೆ 60 ಡಾಲರಿನ ಗುಚ್ಛ ಆರಿಸಿದೆ. ಆ ಚಾರ್ಜು, ಈ ಚಾರ್ಜು ಸೇರಿ 90 ದಾಟಿತು. ಬಂದದ್ದು ಸೋಮವಾರ, ಅದೂ ಬಾಡಿ. ಶನಿವಾರ ಬೆಳಿಗ್ಗೆ ಹತ್ತಿರದ ದಿನಸಿ ಅಂಗಡಿಯಲ್ಲೇ ನೋಡಿ ಆರಿಸಿಕೊಳ್ಳಿ. ಹೋಟೆಲಿಗೆ ಹೋಗುವುದಾದರೆ ಎರಡು ವಾರ ಮೊದಲೇ ಟೇಬಲ್ ಕಾಯ್ದಿರಿಸಿ. ಅವತ್ತು ಬಹಳ ಕಡೆ ಮಾಮೂಲಿ ಮೆನು ಇರುವುದಿಲ್ಲ, ತಲೆಗೆ ಇಷ್ಟು ಎಂದು ಬ್ರಂಚ್ (ತಿಂಡಿ, ಊಟ ಎರಡೂ ಸೇರಿದ್ದು) ಇಟ್ಟಿರುತ್ತಾರೆ. ಅದರ ಮೇಲೆ ತೆರಿಗೆ, ಟಿಪ್ಪು.

ಡೇಕೇರ್ ಟೀಗೆ ಖಂಡಿತ ಹೋಗಿ. ಕೈಯಲ್ಲಿ ಏನೂ ಒಯ್ಯಬೇಕಿಲ್ಲ. ಮಗ ಪುಟ್ಟ ಕೈಗೆ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತಿದ್ದನ್ನು ಕೊಡುತ್ತಾನೆ. ನನ್ನ ಮಗಳು ಕೊಟ್ಟದ್ದು ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅಂಗಡಿಯಲ್ಲಿ ಬಿಲ್ ಹಾಕುವವರೂ ನಿಮಗೆ "ಹ್ಯಾಪಿ ಮದರ್ಸ್ ಡೇ" ಅನ್ನುತ್ತಾರೆ. ನಗುತ್ತಾ ಥ್ಯಾಂಕ್ಸ್ ಹೇಳಿ. ಆದರೆ ಸೋಮವಾರ ಆಫೀಸಿನಲ್ಲಿ "ಅಮ್ಮನಿಗೆ ಏನು ಕೊಟ್ಟಿರಿ" ಎಂದು ಸಿಕ್ಕವರನ್ನೆಲ್ಲ ಕೇಳುವುದು ಬೇಡ ಎಂದು ಯಜಮಾನರಿಗೆ ಹೇಳಿ. ಅಮ್ಮನನ್ನು ಕಳೆದುಕೊಂಡವರಿಗೆ ಅದು ಕಷ್ಟದ ದಿನ. ಅಮ್ಮ ಇಲ್ಲದವರು ಬಿಳಿ ಕಾರ್ನೇಷನ್, ಇರುವವರು ಕೆಂಪು ಅಥವಾ ಗುಲಾಬಿ ಬಣ್ಣದ್ದು ಉಡುಪಿಗೆ ಸಿಕ್ಕಿಸಿಕೊಳ್ಳುವ ರೂಢಿ ಇಲ್ಲಿ ಹಿಂದಿನಿಂದಲೂ ಇದೆ.

ನಿಮ್ಮ ತಾಯಿಗೆ ಶನಿವಾರ ರಾತ್ರಿಯೇ ಫೋನ್ ಮಾಡಿ. ಇಲ್ಲಿ ಒಂಬತ್ತಾದರೆ ಊರಿನಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ. ಕಾಫಿ ಹೊತ್ತು.

ಇನ್ನು ಅತ್ತೆಯವರು. 2016ರಲ್ಲಿ ನನ್ನಮ್ಮ ಬಂದಿದ್ದಾಗ ದೊಡ್ಡ ಬ್ರಂಚ್‌ಗೆ ಕರೆದುಕೊಂಡು ಹೋದೆ. ಅಮ್ಮ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕುತ್ತಾ ಕೂತರು, ಸರಿಯಾಗಿ ತಿನ್ನಲೇ ಇಲ್ಲ. ಮುಂದಿನ ಸಲ ಬಂದಾಗ ಗಿಡಗಳ ನರ್ಸರಿಗೆ ಕರೆದುಕೊಂಡು ಹೋದೆ. ನಮ್ಮ ನ್ಯೂಜೆರ್ಸಿ ಕಡೆ ಮದರ್ಸ್ ಡೇ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಹೆಚ್ಚುಕಡಿಮೆ ಮುಗಿಯುತ್ತದೆ, ಅದಾದ ಮೇಲೇ ಸಸಿ ನೆಡಿ ಅಂತಾರೆ. ನರ್ಸರಿ ತುಂಬಾ ಹೂವಿನ ತೂಗುಕುಂಡ. ಅಮ್ಮ ಅದನ್ನೆಲ್ಲ ನೋಡಿ ಖುಷಿಪಟ್ಟು, ಕೊನೆಗೆ ಆರು ಟೊಮೇಟೊ, ನಾಲ್ಕು ಮೆಣಸಿನ ಸಸಿ ಆರಿಸಿದರು. ಎಲ್ಲಾ ಸೇರಿ 30 ಡಾಲರ್ ಆಗಲಿಲ್ಲ. ಹಿತ್ತಲಲ್ಲಿ ತಾವೇ ನೆಟ್ಟು, ಪಕ್ಕದಲ್ಲಿ ಮೆಂತ್ಯ ಚೆಲ್ಲಿದರು. ಈಗಲೂ ಫೋನಿನಲ್ಲಿ "ಆ ವರ್ಷದ ಮೆಣಸಿನಕಾಯಿ ಎಷ್ಟು ಖಾರ ಇತ್ತು" ಅಂತಾರೆ. ನಿಮ್ಮದು ಅಪಾರ್ಟ್‌ಮೆಂಟ್ ಆದರೂ ಬಾಲ್ಕನಿಯಲ್ಲಿ ಎರಡು ಕುಂಡಕ್ಕೆ ಜಾಗ ಇರುತ್ತದೆ. ಭಾನುವಾರ ಅತ್ತೆಯವರನ್ನು ಕರೆದುಕೊಂಡು ಹೋಗಿ, ಆರಿಸುವುದನ್ನು ಅವರಿಗೇ ಬಿಡಿ.